ಹನ್ನೆರಡನೆಯ ದಿನದ ಮಾತ್ರೆ

ಎಳೆಗೂಸಿನ ಬಟ್ಟೆಯ ಮೇಲೆ ಹಸಿರು ಬಣ್ಣದ ಮಲ ಕಂಡಿತೆಂದರೆ ನರೀನ್ ಬೆಟ್ಟಸೀಮೆಯ ಅಜ್ಜಿಯರಿಗೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಅದರಲ್ಲೂ ಕಲೀಪಾ ಸಾಮಾನ್ಯದ ಅಜ್ಜಿಯಲ್ಲ. ಇಪ್ಪತ್ತೇಳು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದವಳು. ಊರಿನ ಯಾವ ಮಗುವಿನ ಹೊಟ್ಟೆ ಕೆಟ್ಟರೂ ಡಾಕ್ಟರಿಗಿಂತ ಮೊದಲು ಅವಳಿಗೇ ಕರೆ ಬರುತ್ತಿತ್ತು. ಮೊಮ್ಮಗ ಬೆಕ್ತೂರ್ ಹುಟ್ಟಿದ ಆರನೆಯ ದಿನ ಹಸಿರು ಕಂಡದ್ದೇ ತಡ, ಅದನ್ನು ಮಯೋನೀಸಿನ ಖಾಲಿ ಸೀಸೆಗೆ ತುಂಬಿ, ಪಟ್ಟಣಕ್ಕೆ ಹೋಗುವ ಮಿನಿಬಸ್ಸಿನ ಚಾಲಕನ ಕೈಗೆ ಕೊಟ್ಟುಬಿಟ್ಟಳು. ಇದೇನೆಂದು ಅವನೂ ಕೇಳಲಿಲ್ಲ. ಊರಿನ ಅರ್ಧ ಮಕ್ಕಳ ಸೀಸೆಗಳು ಟಿಕೆಟ್ಟಿಲ್ಲದೆ ಅವನ ಬಸ್ಸಿನಲ್ಲಿ ಓಡಾಡಿದ್ದವು.

ಹನ್ನೆರಡನೆಯ ದಿನ ಮಧ್ಯಾಹ್ನ ವರದಿ ಬಂತು. ಕಲೀಪಾ ಹಸು ಕರೆಯಲು ಹೋಗಿದ್ದಳು. ಬಾಣಂತಿ ಸೊಸೆ ಮೇರಿಮ್ ನಲವತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಒಳಗೆ ನಿಂತೇ ಚಾಲಕನಿಂದ ಕಾಗದ ಇಸಿದುಕೊಂಡಳು. ಅವನು ಹೋಗುವ ಮುಂಚೆ ಒಂದು ಮಾತು ಹೇಳಿ ಹೋದ. ಆ ಮಾತು ಅವಳ ಮನಸ್ಸಿನಲ್ಲಿ ಉಳಿಯಿತು.

ಹಾಲು ಕರೆದು ಬಂದ ಕಲೀಪಾ ಕನ್ನಡಕ ಏರಿಸಿ ಕಾಗದ ಓದಿದಳು. ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಕಡಿಮೆ, ಕೆಟ್ಟವು ಹೆಚ್ಚು ಎಂದು ಬರೆದಿತ್ತು.

"ನಾನ್ ಅವತ್ತೇ ಹೇಳ್ಲಿಲ್ವಾ? ಹೊಟ್ಟೆ ತುಂಬ ಹೊಲಸು ಸೇರ್ಕೊಂಡಿದೆ ಕಂದಂಗೆ. ಮೊದ್ಲು ಎಲ್ಲಾ ತೊಳೀಬೇಕು, ಆಮೇಲೆ ಒಳ್ಳೇದನ್ನ ಬಿತ್ತಬೇಕು."

ತೊಳೆಯುವುದೆಂದರೆ ಏನೆಂದು ಮೇರಿಮ್‌ಗೆ ಗೊತ್ತಿತ್ತು. ಕಪಾಟಿನ ಡಬ್ಬಿಯಲ್ಲಿ ಆಂಟಿಬಯೋಟಿಕ್ ಇತ್ತು, ಚೀಟಿ ಕೇಳದೆ ಔಷಧಿ ಅಂಗಡಿಯವರು ಕೊಡುವ ಕಹಿ ಮಾತ್ರೆ. ಹುಟ್ಟಿದ ಕೂಸಿನ ಬಾಯಿಗೆ ಮನೆಯ ಹಿರಿಯಳು ಬೆರಳಿನಿಂದ ಬೆಣ್ಣೆ ಸವರುವುದು ಇಲ್ಲಿಯ ಸಂಪ್ರದಾಯ. ಕಲೀಪಾ ಅದಕ್ಕೆ ತನ್ನ ವಿಜ್ಞಾನವನ್ನೂ ಸೇರಿಸಿದ್ದಳು. ಮಾತ್ರೆಯ ಕಾಲು ಭಾಗ ಅರೆದು, ಬೆಣ್ಣೆಯಲ್ಲಿ ಕಲಸಿ, ಐದು ದಿನ ನೆಕ್ಕಿಸುತ್ತಿದ್ದಳು.

ಆರು ವರ್ಷದ ಕೆಳಗೆ ಮೊದಲ ಮಗಳು ನೂರಿಜಾಗೂ ಹೀಗೇ ಆಗಿತ್ತು. ಆಗ ಮೇರಿಮ್ ಹತ್ತೊಂಬತ್ತರ ಸೊಸೆ. ತಾಯಿಯಂತೆ 'ಅಪಾ' ಎಂದು ಕರೆಯುತ್ತಿದ್ದ ಅತ್ತೆ ಹೇಳಿದ್ದೇ ವೇದವಾಕ್ಯ. ಈಗ ನೂರಿಜಾ ಕಿಟಕಿಯ ಪಕ್ಕ ದಿಂಬಿಗೆ ಒರಗಿ ಚಿತ್ರ ಬರೆಯುತ್ತಿದ್ದಳು. ಮಲಗಿದರೆ ಉಸಿರು ಕಟ್ಟುವ ದಿನಗಳಲ್ಲಿ ಅವಳು ಕೂತೇ ಇರುತ್ತಿದ್ದಳು. ಪ್ರತಿ ಉಸಿರಿಗೂ ಎದೆಯೊಳಗೆ ಸಣ್ಣ ಸೀಟಿ ಊದಿದಂತಾಗುತ್ತಿತ್ತು.

ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ ಅದರ ಬಗ್ಗೆ ಬಿಡಿಸಿ ಕೇಳಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು, "ಈ ಸಲ ಸುಮ್ನಿದ್ದುಬಿಡಿ. ಹಾಲು ಕುಡೀತಿದ್ರೆ, ತೂಕ ಏರ್ತಿದ್ರೆ, ಜ್ವರ ಇಲ್ದಿದ್ರೆ ಬಣ್ಣ ನೋಡಿ ಹೆದರ್ಬೇಡಿ," ಎಂದಿದ್ದಳು. ಮೊದಲ ತಿಂಗಳುಗಳಲ್ಲಿ ಕರುಳಿನಲ್ಲಿ ಬೀಡುಬಿಡುವ ಸೂಕ್ಷ್ಮಾಣುಗಳೇ ಮೈಗೆ ನೆಂಟರು ಯಾರು, ಕಳ್ಳರು ಯಾರು ಎಂದು ಕಲಿಸುತ್ತವಂತೆ. ಆಗ ಮಾತ್ರೆ ಕೊಟ್ಟು ಅವನ್ನು ಚದುರಿಸಿದ ಮಕ್ಕಳಲ್ಲಿ ಮುಂದೆ ಉಬ್ಬಸ ಹೆಚ್ಚು ಕಾಣುತ್ತದಂತೆ. ಮೇರಿಮ್ ಆ ಮಾತುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಿದ್ದಳು. ಆದರೆ ಬಿಚ್ಚುವುದು ಯಾರ ಮುಂದೆ? ಗಂಡ ಕುರಿ ಮಾರಲು ದೂರದ ಸಂತೆಗೆ ಹೋಗಿದ್ದ, ಫೋನು ಸಿಗುತ್ತಿರಲಿಲ್ಲ. ಇನ್ನು ಈ ಮನೆಯಲ್ಲಿ ಸೊಸೆ ಅತ್ತೆಗೆ ಎದುರಾಡಿದ ದಾಖಲೆಯೇ ಇಲ್ಲ.

ಎರಡು ಚಮಚಗಳ ನಡುವೆ ಮಾತ್ರೆ ಪುಡಿಯಾಗುವ ಸದ್ದು ಕೇಳಿಸಿತು. ಬೆಣ್ಣೆಯ ಬಟ್ಟಲು ಬಂತು. ಕಲೀಪಾ ಬೆರಳು ಅದ್ದಿ, "ಬಿಸ್ಮಿಲ್ಲಾ," ಎಂದು ಬಗ್ಗಿದಳು.

ಮೇರಿಮ್ ಮಗುವಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು. ತಾನು ಏನು ಮಾಡಿದೆ ಎಂದು ಅವಳಿಗೆ ತಿಳಿದದ್ದು ಅತ್ತೆಯ ಬೆರಳಿನ ಬೆಣ್ಣೆ ತನ್ನ ಕೈಗೆ ತಗುಲಿದ ಮೇಲೆ.

"ಕೈ ತೆಗಿ."

"ಬೇಡ ಅಪಾ."

"ಏನಂದೆ?"

"ಬೇಡ ಅಂದೆ. ಅವನು ಚೆನ್ನಾಗಿ ಹಾಲು ಕುಡೀತಿದಾನೆ. ಮೈ ಬಿಸಿ ಇಲ್ಲ. ಡಾಕ್ಟರಮ್ಮ ಬೇಡ ಅಂದಿದಾರೆ."

"ಓಹೋ," ಎಂದಳು ಕಲೀಪಾ. "ನಿನ್ನೆ ಮೊನ್ನೆ ಬಿಳಿ ಕೋಟು ಹಾಕ್ಕೊಂಡ ಹುಡುಗಿ ನಂಗೆ ಹೊಟ್ಟೆ ಪಾಠ ಹೇಳ್ತಾಳಾ? ಆ ಕೋಟಿಗೆ ಇನ್ನೂ ಇಸ್ತ್ರಿ ಮಡಿಕೆ ಬಿಟ್ಟಿರಲ್ಲ. ಕಾಗದ ಮಾತಾಡ್ತಿದೆ ಕಣೇ, ಕಾಗದ."

ಮೇರಿಮ್ ಮಗುವನ್ನು ಎದೆಗೆ ಒತ್ತಿಕೊಂಡಳು. ಭಯ ಇತ್ತು, ಆದರೆ ಭಯಕ್ಕಿಂತ ಸಿಟ್ಟು ಜಾಸ್ತಿ ಇತ್ತು. ಆ ಸಿಟ್ಟು ಅತ್ತೆಯ ಮೇಲಲ್ಲ, ಆರು ವರ್ಷದ ಕೆಳಗೆ ಬಾಯಿ ಮುಚ್ಚಿಕೊಂಡು ಕೂತ ತನ್ನ ಮೇಲೆಯೇ.

"ಅಪಾ, ಒಂದು ಕೇಳ್ತೀನಿ. ನಿಮ್ಮ ಪ್ರಯೋಗಾಲಯದಲ್ಲಿ ಸೀಸೆ ಎಷ್ಟೊತ್ತಿನೊಳಗೆ ಬರಬೇಕಿತ್ತು?"

"ಎರಡು ಗಂಟೆ. ತಡವಾದ್ರೆ ದೊಡ್ಡ ಡಾಕ್ಟರ್ ತಂದ್ರೂ ವಾಪಸ್ ಕಳಿಸ್ತಿದ್ದೆ. ಅದ್ಯಾಕೀಗ?"

"ಅವತ್ತು ದಾರೀಲಿ ಚಾಲಕರ ನೆಂಟ್ರ ಮನೇಲಿ ತಿಥಿ ಊಟ ಇತ್ತಂತೆ. ಉಳ್ಕೊಂಡ್ರಂತೆ. ಸೀಸೆ ಮಾರನೇ ದಿನ ಕೊಟ್ಟಿದ್ದು. ಮಗೂದಲ್ವಾ, ಥಂಡಿ ಆಗ್ದಿರ್ಲಿ ಅಂತ ಹೀಟರ್ ಪಕ್ಕದಲ್ಲೇ ಇಟ್ಟಿದ್ರಂತೆ. 'ಜೋಪಾನವಾಗಿ ತಲುಪಿಸಿದೀನಿ ಅಂತ ನಿಮ್ಮತ್ತೆಗೆ ಹೇಳಮ್ಮ' ಅಂದ್ರು."

 ಬೆಚ್ಚಗಿನ ಸೀಸೆಯಲ್ಲಿ ಒಂದು ರಾತ್ರಿಯಲ್ಲಿ ಏನೇನು ಬೆಳೆಯುತ್ತದೆ, ಏನೇನು ಸಾಯುತ್ತದೆ ಎಂದು ಈ ಊರಿನಲ್ಲಿ ಕಲೀಪಾಳಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಅಂಥ ಕಾಗದಕ್ಕೆ ಸಹಿ ಹಾಕಲು ಒಪ್ಪದೆ ಮೇಲಧಿಕಾರಿಯ ಜೊತೆ ಜಗಳವಾಡಿದ ಹೆಂಗಸು ಅವಳು. ಮನೆಯ ಮಗುವಿನ ವಿಷಯ ಬಂದಾಗ ಅದೆಲ್ಲ ಮರೆತೇ ಹೋಗಿತ್ತು.

ಬಟ್ಟಲನ್ನು ಕೆಳಗಿಟ್ಟಳು. ಕಾಗದವನ್ನು ಇನ್ನೊಮ್ಮೆ ನೋಡಿ ಮಡಿಸಿದಳು. ಆಮೇಲೆ ಅವಳ ಕಣ್ಣು ಕಿಟಕಿಯ ಕಡೆ ಹೋಯಿತು.  ಮುಂದಿನ ಮಾತು ಏನೆಂದು ಮೇರಿಮ್‌ಗೆ ಗೊತ್ತಾಗಿಹೋಯಿತು.

"ನೂರಿಜಾದೂ ಬಸ್ಸಲ್ಲೇ ಹೋಗಿತ್ತು," ಎಂದಳು ಕಲೀಪಾ.

"ಹೌದು ಅಪಾ."

"ಆ ಉಬ್ಬಸ ನನ್ನ ಕೈಯಿಂದಾನಾ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಮೇರಿಮ್‌ಗೆ ಅತ್ತೆಯೆಂದರೆ ಪ್ರೀತಿಯೂ ಇತ್ತು. ಮೊದಲ ಹೆರಿಗೆಯ ಜ್ವರದಲ್ಲಿ ಮೂರು ರಾತ್ರಿ ತಲೆಯ ಬಳಿ ಕೂತವಳು ಇದೇ ಕಲೀಪಾ. ಆದರೆ ಇಲ್ಲ ಎಂದರೆ ನಾಳೆ ಆ ಬೆರಳು ಮತ್ತೆ ಬಟ್ಟಲಿಗೆ ಇಳಿಯುತ್ತದೆ.

"ಡಾಕ್ಟರಮ್ಮನೂ ಖಚಿತವಾಗಿ ಹೇಳ್ಲಿಲ್ಲ. ಒಂದು ಮಗೂನ ಮುಂದಿಟ್ಕೊಂಡು ಇದರಿಂದ್ಲೇ ಅನ್ನೋಕಾಗಲ್ಲ ಅಂದ್ರು. ಇರಬಹುದು, ಇಲ್ದೇನೂ ಇರಬಹುದು."

"ಇರಬಹುದು," ಎಂದಳು ಕಲೀಪಾ.

 ನೂರಿಜಾಳ ಪೆನ್ಸಿಲಿನ ಸದ್ದು, ಅವಳ ಉಸಿರಿನ ಸದ್ದು ಎರಡೂ ಕೇಳುತ್ತಿದ್ದವು. ಕಲೀಪಾ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಗೋಡೆಯ ಮೊಳೆಯಿಂದ ಕೋಟು ತೆಗೆದು, ತೋಳು ತೂರಿಸಲಾಗದೆ ಒದ್ದಾಡಿದಳು.

"ಎಲ್ಲಿಗೆ ಅಪಾ? ಊಟ ಮಾಡಿಲ್ಲ ನೀವು."

"ಬುರುಲ್ಚಾ ಮನೆಗೆ. ಅವಳ ಮೊಮ್ಮಗಳು ಹುಟ್ಟಿ ಹತ್ತು ದಿನ ಆಯ್ತು. ನಿನ್ನೆ ಬೆಳಿಗ್ಗೆ ನಾನೇ ಹೋಗಿ ಮೊದಲನೇ ಕಾಲು ಮಾತ್ರೆ ನೆಕ್ಕಿಸಿ ಬಂದೆ." ಹೊಸ್ತಿಲಲ್ಲಿ ನಿಂತಳು, ತಿರುಗಲಿಲ್ಲ. "ಅವಳ ಸೊಸೇನೂ ಮೊದ್ಲು ಮಗು ಕೊಡೋಕೆ ಹಿಂದೆಮುಂದೆ ನೋಡಿದ್ಲು. ನಾನೇ ಬೈದು ಇಸ್ಕೊಂಡೆ."