ಹಿತ್ತಾಳೆ ಉಂಗುರ

ನಮ್ಮ ಮನೆಯಲ್ಲಿ ನೀರಿಗೆ ಇರುವಷ್ಟು ಕೆಟ್ಟ ಹೆಸರು ಕಳ್ಳನಿಗೂ ಇಲ್ಲ. ಮಾವ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಹಾಳೆಯ ಮೇಲೆ ಒಂದು ಹನಿ ಬಿದ್ದರೂ ಸಿಡಿಲು ಬಡಿದವರಂತೆ ಕೂತುಬಿಡುತ್ತಾರೆ. ಇಲ್ಲಿ ಏನು ಚೆಲ್ಲಿದರೂ ಮದ್ದು ಒಂದೇ: ಬ್ಲಾಟಿಂಗ್ ಪೇಪರ್ ತಂದು ಬಲವಾಗಿ ಅದುಮುವುದು. ಚಹಾ ಚೆಲ್ಲಿದರೂ ಅದೇ, ಶಾಯಿ ಚೆಲ್ಲಿದರೂ ಅದೇ.

ಹಾಗಾಗಿ ಆ ಬೆಳಿಗ್ಗೆ ಕುದಿಯುವ ಮೈದಾ ಅಂಟು ಅತ್ತೆಯ ಎಡಗೈ ಮೇಲೆ ಸುರಿದಾಗಲೂ ಮಾವ ಓಡಿಬಂದದ್ದು ಬ್ಲಾಟಿಂಗ್ ಪೇಪರ್ ಹಿಡಿದುಕೊಂಡೇ.

ರಟ್ಟಿಗೆ ಹಚ್ಚುವ ಅಂಟು ಕಾಯಿಸುವುದು ಅತ್ತೆಯ ಕೆಲಸ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ಅಡುಗೆ ಮಾಡುವ ನನ್ನನ್ನು ಆ ಪಾತ್ರೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. "ನೀನು ಮಾಡಿದ್ದು ಮಧ್ಯಾಹ್ನ ತಿಂದು ಸಂಜೆಗೆ ಮರೀತಾರೆ. ಇದು ನೂರು ವರ್ಷ ಹಿಡ್ಕೊಂಡಿರಬೇಕು" ಎನ್ನುತ್ತಿದ್ದರು. ಅವತ್ತು ಅಂಟು ಹೆಚ್ಚೇ ಗಟ್ಟಿಯಾಗಿತ್ತು. ಸೌಟು ಎತ್ತಿದರು, ಒಂದು ದೊಡ್ಡ ಮುದ್ದೆ ಜಾರಿ ಕೈಯ ಹಿಂಭಾಗಕ್ಕೆ ಬಿತ್ತು. ಅತ್ತೆ ಕೂಗಲಿಲ್ಲ. ಉಸಿರು ಎಳೆದುಕೊಂಡ ಸದ್ದು ಮಾತ್ರ ಕೇಳಿಸಿತು.

"ಅದುಮಬೇಡಿ!" ಎಂದು ಕಿರುಚಿದೆ. ಈ ಮನೆಗೆ ಸೊಸೆಯಾಗಿ ಬಂದ ಆರು ವರ್ಷದಲ್ಲಿ ಮಾವನ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು. ಒಲೆ ಆರಿಸಿ, ಅತ್ತೆಯ ಮೊಣಕೈ ಹಿಡಿದು ನಲ್ಲಿಯತ್ತ ಎಳೆದೆ.

ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಗ್ರಂಥಾಲಯದ ನಕಾಶೆ ಪುಸ್ತಕದ ಹಾಳೆಗಳು ಒಣಗುತ್ತಿದ್ದವು. ಅತ್ತೆ ಕಾಲು ಊರಿ ನಿಂತುಬಿಟ್ಟರು.

"ಮೊದ್ಲು ಹಾಳೆ ಎತ್ತೇ. ಆಮೇಲೆ ನಲ್ಲಿ ಬಿಡು."

"ಹಾಳೆ ಮನೆ ಹಾಳಾಗ್ಲಿ, ಕೈ ಕೊಡಿ ಇಲ್ಲಿ!"

ಆಗ ಮಾವ ನಾನು ಎಣಿಸದ ಕೆಲಸ ಮಾಡಿದರು. ಹಾಳೆಯನ್ನು ಯಾವತ್ತೂ ಎರಡೂ ಕೈಯಲ್ಲಿ, ಹಸುಗೂಸಿನಂತೆ ಎತ್ತುವವರು, ಒಂದೇ ಬೀಸಿಗೆ ಅಷ್ಟನ್ನೂ ನೆಲಕ್ಕೆ ತಳ್ಳಿದರು. ನಾನು ನಲ್ಲಿ ತಿರುಗಿಸಿದೆ.

ಅಂಟು ಮೆಲ್ಲಗೆ ಕರಗಿ ಹರಿಯಿತು. ನಾನು ಕೆರೆಯಲಿಲ್ಲ, ಉಜ್ಜಲಿಲ್ಲ. ಕೆಳಗಿನ ಚರ್ಮ ಕೆಂಪಗೆ ಹೊಳೆಯುತ್ತಿತ್ತು. ನನ್ನ ಅಂಗೈ ಪಕ್ಕಕ್ಕೆ ಹಿಡಿದು ನೋಡಿದೆ, ಸುಟ್ಟ ಜಾಗ ಅದರ ಅರ್ಧದಷ್ಟಿತ್ತು.

"ಎಷ್ಟೊತ್ತು ಹೀಗೆ?" ಅತ್ತೆ ಕೇಳಿದರು.

"ಇಪ್ಪತ್ತು ನಿಮಿಷ."

"ಇಪ್ಪತ್ತು ನಿಮಿಷ ನೀರು ಪೋಲು ಮಾಡ್ತೀಯಾ?"

ಮಾವ ಹಿಂದೆ ಮುಂದೆ ಓಡಾಡುತ್ತಿದ್ದರು. "ಐಸು ಇಡೋಣ್ವಾ?"

"ಬೇಡ ಮಾವ."

"ಬೆಣ್ಣೆ?"

"ಬೇಡ."

"ಟೂತ್‌ಪೇಸ್ಟು?"

"ಅದನ್ನ ಹಲ್ಲಿಗೆ ಹಚ್ಕೊಳ್ಳಿ."

ಅತ್ತೆಗೂ ನಗು ಬಂತು. ಆ ನಗುವಿನಲ್ಲೇ ಅವರು ಬೆರಳು ಮಡಿಸಲು ಹೋಗಿ "ಹಾ" ಎಂದರು. ಆಗ ನನ್ನ ಕಣ್ಣು ಉಂಗುರದ ಮೇಲೆ ಬಿತ್ತು.

ನನ್ನ ಬುದ್ಧಿಗಿಷ್ಟು ಮಣ್ಣು ಹಾಕ. ಸುಟ್ಟರೆ ಏನು ಮಾಡಬೇಕೆಂದು ಬರೆದ ಕ್ಯಾಂಟೀನಿನ ಗೋಡೆಯ ಫಲಕದಲ್ಲಿ ಎರಡನೆಯ ಸಾಲೇ ಅದು: ಉಂಗುರ, ಬಳೆ, ವಾಚು ಕೂಡಲೇ ತೆಗೆಯಿರಿ, ಆಮೇಲೆ ಊದಿಕೊಳ್ಳುತ್ತದೆ. ಆದರೆ ಕ್ಯಾಂಟೀನಿನ ಅಡುಗೆಮನೆಯಲ್ಲಿ ಯಾರೂ ಉಂಗುರ ಹಾಕುವಂತಿಲ್ಲ, ಬಾಗಿಲಲ್ಲೇ ಬಿಚ್ಚಿಟ್ಟು ಒಳಗೆ ಬರುತ್ತೇವೆ. ಹತ್ತು ವರ್ಷ ದಿನವೂ ಓದಿದ ಆ ಸಾಲು ನನಗೆ ಒಮ್ಮೆಯೂ ಕೆಲಸಕ್ಕೆ ಬಂದಿರಲಿಲ್ಲ. ಗಡಿಯಾರ ನೋಡಿದೆ. ಎಂಟು ನಿಮಿಷ ಆಗಿಹೋಗಿತ್ತು. ಉಂಗುರದ ಎರಡೂ ಬದಿಗೆ ಮಾಂಸ ಉಬ್ಬಿತ್ತು.

ಸೋಪು ಹಚ್ಚಿ ಮೆಲ್ಲಗೆ ತಿರುಗಿಸಿದೆ. ಗೆಣ್ಣಿನ ಹತ್ತಿರ ನಿಂತುಬಿಟ್ಟಿತು. ಮದುವೆಯಾದ ನಲವತ್ತು ವರ್ಷದಲ್ಲಿ ಗೆಣ್ಣು ದಪ್ಪಗಾಗಿತ್ತು. ಕೈಯನ್ನು ಮೇಲೆತ್ತಿ ಹಿಡಿದೆ, ಮತ್ತೆ ನೀರಿಗೆ ಇಟ್ಟೆ. ಬೆರಳಿನ ತುದಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು.

"ಕತ್ತರಿಸಬೇಕು" ಎಂದೆ.

"ಆಗಲ್ಲ." ಅತ್ತೆ ಕೈ ಎಳೆದುಕೊಳ್ಳಲು ನೋಡಿದರು.

ಮದುವೆಯ ಹೊತ್ತಿಗೆ ಮಾವನ ಹತ್ತಿರ ಚಿನ್ನಕ್ಕೆ ಗತಿ ಇರಲಿಲ್ಲವಂತೆ. ಹಳೆಯ ಪುಸ್ತಕವೊಂದರ ರಟ್ಟು ಮುಚ್ಚಿಡುವ, ಮುರಿದ ಹಿತ್ತಾಳೆ ಕೊಂಡಿಯನ್ನು ಬಾಗಿಸಿ, ಬೆಸೆದು ಉಂಗುರ ಮಾಡಿ ತೊಡಿಸಿದರಂತೆ. "ಪುಸ್ತಕದ ಬೀಗ ಹಾಕಿಸ್ಕೊಂಡೆ ನಾನು" ಎಂದು ಅತ್ತೆ ಬಂದವರೆದುರೆಲ್ಲ ಹಂಗಿಸುತ್ತಿದ್ದರು. ಅದನ್ನು ಬಿಚ್ಚಿದ್ದು ಮಾತ್ರ ಯಾರೂ ನೋಡಿಲ್ಲ.

"ನಾನು ಕಣ್ಣು ಮುಚ್ಚೋವರೆಗೂ ಇದು ಇಲ್ಲೇ ಇರುತ್ತೆ" ಎಂದರು.

"ಹಟ ಮಾಡ್ಬೇಡ ಕಣೇ" ಎಂದರು ಮಾವ. "ಉಂಗುರ ಹೋದ್ರೆ ಇನ್ನೊಂದು ಮಾಡಬಲ್ಲೆ. ಬೆರಳು ಮಾಡೋಕೆ ನಂಗೆ ಬರಲ್ಲ."

ನೀರು ಸುರಿಯುತ್ತಲೇ ಇತ್ತು. ಅತ್ತೆ ಬೆರಳನ್ನು ನೋಡಿದರು, ಆಮೇಲೆ ಮಾವನನ್ನು.

"ಸರಿ. ಆದ್ರೆ ನೀವೇ ಕತ್ತರಿಸ್ಬೇಕು. ಅವಳ ಕೈಗೆ ಕೊಡಬೇಡಿ."

ನನಗೆ ಕೋಪ ಬರಲಿಲ್ಲ, ಭಯ ಬಂತು. ಎರಡು ವರ್ಷದಿಂದ ಮಾವನ ಬಲಗೈ ನಡುಗುತ್ತಿದೆ. ರಟ್ಟಿನ ಮೇಲೆ ಬಂಗಾರದ ಅಕ್ಷರ ಕೂರಿಸುವ ಕೆಲಸ ಬಿಟ್ಟದ್ದೇ ಅದಕ್ಕೆ. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಅತ್ತೆಗಿಂತ ಚೆನ್ನಾಗಿ ಅದು ಗೊತ್ತಿರುವವರೂ ಯಾರೂ ಇಲ್ಲ.

ಮಾವ ಹಿತ್ತಾಳೆ ಕತ್ತರಿಸುವ ಚಿಕ್ಕ ಇಕ್ಕಳ ತಂದರು, ಜೊತೆಗೆ ತೆಳ್ಳನೆಯ ತಗಡಿನ ಒಂದು ಚೂರು. ತಗಡನ್ನು ಉಂಗುರಕ್ಕೂ ಚರ್ಮಕ್ಕೂ ನಡುವೆ ತೂರಿಸಬೇಕು. ಮೊದಲ ಸಲ ಕೈ ನಡುಗಿ ತಗಡು ಜಾರಿತು. ಎರಡನೆಯ ಸಲ ಅತ್ತೆಯ ತುಟಿ ಬಿಳಿಚಿಕೊಂಡಿತು. ನಾನು ಅತ್ತೆಯ ಮಣಿಕಟ್ಟು ಹಿಡಿದು ನಿಂತಿದ್ದೆ.

"ಗಡಿಬಿಡಿ ಏನಿಲ್ಲ" ಎಂದರು ಅತ್ತೆ, ಮಗುವಿಗೆ ಹೇಳುವ ದನಿಯಲ್ಲಿ. "ನನ್ನ ತೋಳಿನ ಮೇಲೆ ನಿಮ್ಮ ಕೈ ಊರ್ಕೊಳ್ಳಿ."

ಮಾವ ಮುಂಗೈ ಊರಿದರು. ತಗಡು ಒಳಗೆ ಹೋಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಕ್ಕಳದ ಬಾಯಿ ಕೂರಿಸಿ ಅದುಮಿದರು. ಟಕ್ಕೆಂದಿತು. ಎರಡು ತುದಿ ಹಿಡಿದು ಅಗಲಿಸಿ ಹೊರಗೆ ತೆಗೆದರು. ಬೆರಳಿನ ಮೇಲೆ ಒಂದು ಗೀರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ತುದಿ ಮತ್ತೆ ಕೆಂಪಾಯಿತು.

ಅಷ್ಟು ಹೊತ್ತು ಒಂದು ಹನಿ ಕಣ್ಣೀರು ಹಾಕದ ಅತ್ತೆ ಈಗ ಅತ್ತರು.

ಇಪ್ಪತ್ತು ನಿಮಿಷ ಮುಗಿದ ಮೇಲೆ ಅಡುಗೆಮನೆಯಲ್ಲಿ ತಿಂಡಿ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯ ಹೊಸ ತುಂಡೊಂದನ್ನು ಸುಟ್ಟ ಜಾಗದ ಮೇಲೆ ಹಾಸಿದೆ. ಮಾವ ಅಭ್ಯಾಸಬಲದಿಂದ ಬಿಗಿದು ಕಟ್ಟಲು ದಾರ ತಂದರು. "ಇದು ಪುಸ್ತಕ ಅಲ್ಲ ಮಾವ, ಬಿಗಿ ಮಾಡಬಾರದು" ಎಂದೆ. ದಾರ ಜೇಬಿಗೆ ಹೋಯಿತು. ಕೈ ಮೇಲಿನ ಗಾಯವಲ್ಲವೇ, ಒಮ್ಮೆ ಡಾಕ್ಟರಿಗೆ ತೋರಿಸೋಣವೆಂದು ನಾನು ಚಪ್ಪಲಿ ಮೆಟ್ಟಿದೆ.

ಮಾವ ನೆಲದ ಹಾಳೆಗಳನ್ನು ದಾಟಿ ಬಂದು, ಬಾಯಿಬಿಟ್ಟ ಉಂಗುರವನ್ನು ಅಂಗೈಯಲ್ಲಿಟ್ಟು ನಿಂತರು.

"ಈ ಸಲ ಚಿನ್ನದ್ದೇ ಮಾಡಿಸ್ಲಾ?"

"ಏನೂ ಬೇಡ. ಇದನ್ನೇ ಬೆಸೆದು ಕೊಡಿ" ಎಂದರು ಅತ್ತೆ. "ಸ್ವಲ್ಪ ಸಡಿಲ ಇರ್ಲಿ."

"ಸಡಿಲ ಆದ್ರೆ ಜಾರಿ ಹೋಗುತ್ತಲ್ಲೇ."

"ನಲವತ್ತು ವರ್ಷ ನಾನು ಇಲ್ಲಿ ಇದ್ದದ್ದು ಅದು ಬಿಗಿಯಾಗಿತ್ತು ಅಂತಾನೇನ್ರೀ?"