ಮೆಲೋಸಿನ ಫಲಕ

ಫಲಕವೊಂದು ಕಾಣೆಯಾಗಿದೆ ಎಂದು ಪ್ರಣತಿಗೆ ಗೊತ್ತಾದದ್ದು ಉದ್ಘಾಟನೆಯ ಹಿಂದಿನ ದಿನ. ಮೆಲ್ಬರ್ನಿನ ಬಾಕ್ಸ್ ಹಿಲ್ ಹತ್ತಿರದ ಆ ಶಾಲೆಯಲ್ಲಿ ಅವಳು ಇತಿಹಾಸದ ಟೀಚರ್. 'ಪ್ರಾಚೀನ ಗ್ರೀಸಿನ ತಿರುವುಗಳು' ಎಂಬ ಪ್ರದರ್ಶನಕ್ಕೆ ಅವಳ ತರಗತಿಯ ಮಕ್ಕಳು ಇಡೀ ಟರ್ಮ್ ದುಡಿದಿದ್ದರು. ಕಾರಿಡಾರಿನ ಗೋಡೆಯ ಮೇಲೆ ಮ್ಯಾರಥಾನ್ ಕದನ ಇತ್ತು, ಸಲಾಮಿಸಿನ ಕಡಲಯುದ್ಧ ಇತ್ತು, ಅಲೆಕ್ಸಾಂಡರ್ ಇದ್ದ. ಮೆಲೋಸ್ ಇರಲಿಲ್ಲ.

ಪೊರಕೆ, ಬಕೆಟ್ಟು ಇಡುವ ಕೋಣೆಯಲ್ಲಿ ಅದು ಗೋಡೆಗೆ ಮುಖ ಮಾಡಿ ನಿಂತಿತ್ತು. ಬರೆದವಳು ಅವಳ ತರಗತಿಯ ತೃಷಾ, ಉಡುಪಿ ಕಡೆಯವರ ಮಗಳು. ಫಲಕದಲ್ಲಿದ್ದದ್ದು ಇಷ್ಟು: ಗ್ರೀಕರು ಪರ್ಷಿಯನ್ನರ ವಿರುದ್ಧ ಸಲಾಮಿಸಿನಲ್ಲಿ ಕಾದಾಡುವಾಗ ಪುಟ್ಟ ದ್ವೀಪ ಮೆಲೋಸ್ ತನ್ನ ಹಡಗುಗಳನ್ನು ಅಥೆನ್ಸಿನ ಜೊತೆಗೆ ಕಳಿಸಿತ್ತು. ಮುಂದೆ ಅಥೆನ್ಸಿಗೂ ಸ್ಪಾರ್ಟಾಕ್ಕೂ ಯುದ್ಧ ಹತ್ತಿದಾಗ ಯಾರ ಕಡೆಗೂ ಸೇರುವುದಿಲ್ಲ ಎಂದಿತು. ಶರಣಾಗಿ ಎಂದು ಅಥೆನ್ಸ್ ಹೇಳಿತು, ದ್ವೀಪದವರು ಒಪ್ಪಲಿಲ್ಲ. ಮುತ್ತಿಗೆ ಹಾಕಿ ಗೆದ್ದ ಮೇಲೆ ಅಥೆನ್ಸಿನವರು ಗಂಡಸರನ್ನು ಕೊಂದರು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಿದರು. ಅದರ ಮರುವರ್ಷವೇ ಅದೇ ಸೊಕ್ಕಿನಲ್ಲಿ ಸಿಸಿಲಿಗೆ ದಂಡೆತ್ತಿ ಹೋದರು, ಎರಡು ವರ್ಷದಲ್ಲಿ ಅಲ್ಲಿಗೆ ಕಳಿಸಿದ ಸೈನ್ಯವನ್ನೆಲ್ಲ ಕಳೆದುಕೊಂಡರು. 'ಅಥೆನ್ಸ್ ಸೋತದ್ದು ಇಲ್ಲಿಂದ' ಎಂದು ತೃಷಾ ಕೆಳಗೆ ಬರೆದಿದ್ದಳು.

ಪ್ರಣತಿ ನೇರ ಪ್ರಿನ್ಸಿಪಾಲ್ ಜನೆಟ್ ಕೋಣೆಗೆ ಹೋದಳು.

"ನಾನೇ ತೆಗೆಸಿದೆ," ಎಂದಳು ಜನೆಟ್. "ನಾಳೆ ಬರುವವರಲ್ಲಿ ಗ್ರೀಕ್ ಕುಟುಂಬಗಳೇ ಹೆಚ್ಚು. ಅವರಿಗೆ ನೋವಾಗುತ್ತೆ."

"ಅವರು ಹಾಗೆ ಹೇಳಿದ್ರಾ?"

"ಹೇಳಬೇಕಾಗಿಲ್ಲ. ಹಿರಿಯರಿಗೆ ಮರ್ಯಾದೆ ಕೊಡೋದು ನಿಮ್ಮ ದೇಶದಲ್ಲೂ ಇದೆಯಲ್ಲ? ನಿಮಗಾದ್ರೂ ಅರ್ಥವಾಗಬೇಕು."

ಪ್ರಣತಿಯ ಕಿವಿ ಬಿಸಿಯಾಯಿತು. ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಬಾಗಿಲಲ್ಲಿ ಕಾಯುತ್ತಿದ್ದ ತೃಷಾ ಇಂಗ್ಲಿಷಿನಲ್ಲಿ, "ನಾನು ಬರೆದಿದ್ದು ಸುಳ್ಳಾ ಮಿಸ್?" ಎಂದಳು. "ಅಲ್ಲ," ಎಂದಷ್ಟೇ ಹೇಳಲು ಪ್ರಣತಿಗೆ ಸಾಧ್ಯವಾಯಿತು.

ಸಂಜೆ ಡಾಕ್‌ಲ್ಯಾಂಡ್ಸಿನ ಆಫೀಸಿನಿಂದ ಬಂದ ಗಂಡ ರಾಘವ್ ಎಲ್ಲ ಕೇಳಿಸಿಕೊಂಡ.

"ಬಿಟ್ಬಿಡು ಪ್ರಣತಿ. ನಿನ್ನ ಕಾಂಟ್ರ್ಯಾಕ್ಟ್ ರಿನ್ಯೂ ಆಗ್ಬೇಕು, ಇಲ್ಲೇ ನೆಲೆಸೋಕೆ ಪಿಆರ್ ಇನ್ನೂ ಬಂದಿಲ್ಲ. ಎರಡೂವರೆ ಸಾವಿರ ವರ್ಷದ ಹಿಂದಿನ ಯಾವುದೋ ದ್ವೀಪಕ್ಕೋಸ್ಕರ ಫೈಟ್ ಮಾಡ್ತೀಯಾ?"

"ತಲೆ ಬಗ್ಗಿಸಿದ್ರೆ ಉಳ್ಕೋತೀರ ಅಂತ ಆ ದ್ವೀಪದವ್ರಿಗೂ ಹೇಳಿದ್ರು."

"ಬಗ್ಗಿಸಿದ್ರೆ ಉಳ್ಕೋತಿದ್ರು ತಾನೆ?"

ಅವಳು ಕೈಯಲ್ಲಿದ್ದ ಪಾತ್ರೆಯನ್ನು ಸಿಂಕಿಗೆ ಕುಕ್ಕಿದಳು.

ಮರುದಿನದ ಅತಿಥಿ ಕೊಸ್ತಾಸ್. ಎಂಬತ್ತು ದಾಟಿದ ಗ್ರೀಕ್ ಮುದುಕ, ಓಕ್ಲಿಯಲ್ಲಿ ಬಹಳ ಕಾಲ ಬೇಕರಿ ನಡೆಸಿದವನು. ಕೋಲೂರಿಕೊಂಡು ಒಂದೊಂದೇ ಫಲಕ ಓದುತ್ತಾ ಬಂದು ಅಲೆಕ್ಸಾಂಡರ್ ಮುಂದೆ ನಿಂತ.

"ಮೊದಲು ಅಥೆನ್ಸ್ ಗೆಲ್ಲುತ್ತೆ. ಆಮೇಲೆ ಅಥೆನ್ಸೇ ಇಲ್ಲ. ನಡುವೆ ಏನಾಯ್ತು?"

"ಜಾಗ ಸಾಲಲಿಲ್ಲ," ಎಂದು ಜನೆಟ್ ನಕ್ಕಳು.

"ಜಾಗ ಇತ್ತು," ಎಂದಳು ಪ್ರಣತಿ. "ಒಂದು ಫಲಕ ತೆಗೆಸಿದಾರೆ. ನಿಮಗೆ ನೋವಾಗುತ್ತಂತೆ."

ಮುದುಕ ಇಬ್ಬರನ್ನೂ ನೋಡಿ, "ತನ್ನಿ," ಎಂದ.

ಪ್ರಣತಿ, ತೃಷಾ ಇಬ್ಬರೂ ಹಿಡಿದು ತಂದರು. ಅವನು ಕನ್ನಡಕ ಏರಿಸಿ ಪೂರ್ತಿ ಓದಿದ. ಓದಿ ಮುಗಿಸುವಾಗ ಕೆನ್ನೆ ಅದುರುತ್ತಿತ್ತು.

"ಯುದ್ಧದಲ್ಲಿ ಜರ್ಮನ್ನರು ನಮ್ಮ ಹಳ್ಳಿಯ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೊಂದರು. ನಾನು ತಾಯಿಯ ಮಡಿಲಲ್ಲಿದ್ದೆ. ನಮ್ಮವರೂ ಇನ್ನೊಬ್ಬರಿಗೆ ಇದನ್ನೇ ಮಾಡಿದ್ದರು ಅಂತ ನನ್ನ ಯಾವ ಮೇಷ್ಟರೂ ಹೇಳಿರಲಿಲ್ಲ." ಜನೆಟ್ ಕಡೆ ತಿರುಗಿದ. "ನನ್ನ ಪರವಾಗಿ ನೋವುಪಡೋಕೆ ನಿಮಗೆ ಹೇಳಿದ್ದು ಯಾರು? ನಾನೇನು ಮಗುವಾ?"

ಜನೆಟ್ ಮುಖ ಕೆಂಪಾಯಿತು. ಮುದುಕನ ಸಿಟ್ಟು ಅಲ್ಲಿಗೆ ಮುಗಿಯಲಿಲ್ಲ.

"ನೀವು ಈ ಮಕ್ಕಳ ಟೀಚರ್ ತಾನೆ?" ಎಂದು ಪ್ರಣತಿಯನ್ನು ಕೇಳಿದ. "ನಾನು ಕೇಳದೆ ಹೋಗಿದ್ದರೆ? ಸುಮ್ಮನೆ ಟೀ ಕುಡಿದು ಮನೆಗೆ ಹೋಗ್ತಿದ್ದಿರಾ?"

ಹೋಗುತ್ತಿದ್ದೆ ಎಂದು ಪ್ರಣತಿಗೆ ಗೊತ್ತಿತ್ತು. ಹಿಂದಿನ ದಿನದಿಂದ ಜನೆಟ್ ಮೇಲೆ, ರಾಘವನ ಮೇಲೆ ಕುದಿಯುತ್ತಿದ್ದ ಸಿಟ್ಟು ಈಗ ತನ್ನ ಮೇಲೇ ತಿರುಗಿ ಎದೆ ಸುಟ್ಟಿತು.

ಫಲಕ ಗೋಡೆಗೆ ಹೋಯಿತು. ತೃಷಾ ತಾನೇ ಸ್ಟೂಲ್ ಹತ್ತಿ ಮೊಳೆಗೆ ಸಿಕ್ಕಿಸಿದಳು. ವರ್ಷದ ಕೊನೆಗೆ ಪ್ರಣತಿಯ ಕಾಂಟ್ರ್ಯಾಕ್ಟ್ ರಿನ್ಯೂ ಆಗಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಸಿಡ್ನಿಯಲ್ಲಿ ಒಂದು ಕೆಲಸ ಸಿಕ್ಕಿತು. ರಾಘವ್ ಕೆಲವು ದಿನ ಮುಖ ಗಂಟಿಕ್ಕಿಕೊಂಡೇ ಓಡಾಡಿದ. ಆಮೇಲೆ ತಾನೂ ಅಲ್ಲಿನ ಆಫೀಸಿಗೆ ವರ್ಗ ಕೇಳಿಕೊಂಡ. "ನಾನು ಅವತ್ತು ಹೇಳಿದ್ದು ಈಗಲೂ ತಪ್ಪು ಅನ್ಸಲ್ಲ," ಎಂದು ಹೇಳುತ್ತಲೇ ಸಾಮಾನು ಕಟ್ಟಿದ.

ಸಿಡ್ನಿಯ ಹೊಸ ಪ್ರಿನ್ಸಿಪಾಲ್ ಸೌಮ್ಯ ಮನುಷ್ಯ. ಮೊದಲ ದಿನವೇ ನಗುತ್ತಾ ಅವಳ ಪಾಠದ ಯೋಜನೆ ಕೇಳಿದ. ಪ್ರಣತಿ ಅದನ್ನು ಅವನ ಮೇಜಿನ ಮೇಲಿಟ್ಟಳು, ಕೂರಲಿಲ್ಲ.

"ಇದರಲ್ಲಿ ತೆಗೆಸೋದು ಏನಾದ್ರೂ ಇದ್ರೆ ಈಗಲೇ ಹೇಳಿ," ಎಂದಳು. "ಜಗಳ ಇವತ್ತೇ ಆಗ್ಲಿ."