ಪಕ್ಕದ ಮನೆಯ ಮಿಕ್ಸಿ

ಕುವೈತ್ ಯುದ್ಧ ಮುಗಿದ ಮರುವರ್ಷ, ದೋಹಾದ ನಜ್ಮಾ ಬಡಾವಣೆಯಲ್ಲಿ, ರೋಸ್‌ಮೇರಿಯ ಬಾಡಿಗೆ ಮನೆಯ ಹಾಲ್‌ನಲ್ಲಿ ಒಂದು ಪುಟ್ಟ ಆಂಗ್ಲಿಕನ್ ಕ್ರೈಸ್ತ ಸಭೆ ಕೂಡತೊಡಗಿತು. ಗಂಟೆಯಿಲ್ಲ, ಶಿಲುಬೆಯಿಲ್ಲ, ಬೋರ್ಡಿನ ಮಾತಂತೂ ಎತ್ತಲೇಬೇಡಿ. ಚರ್ಚು ಕಟ್ಟಲು ಅನುಮತಿ ಇರದ ಕಾಲ ಅದು. ಮನೆಯೊಳಗೆ ಸದ್ದಿಲ್ಲದೆ ಕೂಡಿದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ನೆರೆಯವರು ಒಂದು ಮಾತು ಹೇಳಿದರೆ ಸಾಕು, ಮಾಲೀಕ ಮನೆ ಖಾಲಿ ಮಾಡಿಸುತ್ತಿದ್ದ. ಹಿಂದಿನ ಎರಡು ಮನೆಗಳು ಹಾಗೆಯೇ ಕೈತಪ್ಪಿದ್ದವು. ಇದೂ ಹೋದರೆ ಸಭೆಗೆ ಬೇರೆ ನೆಲೆಯಿರಲಿಲ್ಲ.

ಮಂಗಳೂರಿನ ಬಲ್ಮಠದಲ್ಲಿ ಚರ್ಚಿನ ಗಂಟೆ ಕೇಳುತ್ತಲೇ ಬೆಳೆದ ರೋಸ್‌ಮೇರಿಗೆ ಈ ಕದ್ದುಮುಚ್ಚಿ ಪ್ರಾರ್ಥಿಸುವ ಪಾಡು ಹಿಡಿಸಲೇ ಇಲ್ಲ. ಅಲ್ಲಿ ವಾರದ ರಜೆ ಶುಕ್ರವಾರ, ಇವರ ಆರಾಧನೆಯೂ ಅಂದೇ. ಸಾಲದ್ದಕ್ಕೆ ಪಕ್ಕದ ಮನೆಯ ಸಫಿಯಾ. ಉಳ್ಳಾಲದ ಬ್ಯಾರಿ ಹೆಂಗಸು. ಇವರು ಹಾಡು ಎತ್ತಿದರೆ ಸಾಕು, ಅತ್ತ ಮಿಕ್ಸಿ ಗುರ್ರೆನ್ನುತ್ತಿತ್ತು. ಹಾಡು ನಿಂತರೆ ಮಿಕ್ಸಿಯೂ ನಿಲ್ಲುತ್ತಿತ್ತು.

"ಬೇಕೂಂತಲೇ ಮಾಡುದು. ಇವತ್ತಲ್ಲ ನಾಳೆ ಮಾಲೀಕನ ಕಿವಿಗೆ ಹಾಕ್ತಾಳೆ, ನೋಡಿ" ಎಂದು ಅವಳು ಗಂಡ ಯೂಜಿನ್‌ನ ತಲೆ ತಿನ್ನುತ್ತಿದ್ದಳು. ಇಷ್ಟು ಜನ ಯಾಕೆ ಎಂದು ಸಫಿಯಾ ಕೇಳಿದಾಗಲೆಲ್ಲ ಬರ್ತ್‌ಡೇ ಪಾರ್ಟಿ ಎಂದು ಹೇಳಿ ಜಾರಿಕೊಳ್ಳುತ್ತಿದ್ದಳು.

ಆ ಶುಕ್ರವಾರ ಬಹರೇನಿನಿಂದ ಪಾದ್ರಿಗಳು ಬಂದಿದ್ದರು. ಸಭೆಯ ಮೊದಲ ಪ್ರಭುಭೋಜನ, ರೊಟ್ಟಿ-ದ್ರಾಕ್ಷಾರಸ ಹಂಚುವ ಆರಾಧನೆ. ಕಾರುಗಳನ್ನು ದೂರ ನಿಲ್ಲಿಸಿ ಒಬ್ಬೊಬ್ಬರಾಗಿ ಬನ್ನಿ ಎಂದು ಯೂಜಿನ್ ಎಲ್ಲರಿಗೂ ಹೇಳಿದ್ದ. ಹಾಡಿನ ನಡುವೆ ರೋಸ್‌ಮೇರಿ ಪರದೆ ಸರಿಸಿ ನೋಡಿದಳು. ಬಾಗಿಲ ಹೊರಗೆ ಮದುವೆಮನೆಯಂತೆ ಚಪ್ಪಲಿಗಳ ರಾಶಿ! ಊರಿನ ಅಭ್ಯಾಸ, ಬಂದವರೆಲ್ಲ ಹೊರಗೇ ಕಳಚಿದ್ದರು. ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ಸಫಿಯಾ ನಿಂತಿದ್ದಳು.

ರೊಟ್ಟಿ ಬಾಯಿಗಿಟ್ಟರೂ ರೋಸ್‌ಮೇರಿಗೆ ಅದರ ಅರಿವಿರಲಿಲ್ಲ. ಆರಾಧನೆ ಮುಗಿಯುತ್ತಲೇ ಓಡಿಹೋಗಿ ಬಾಗಿಲು ತೆರೆದಳು. ಒಂದು ಚಪ್ಪಲಿಯೂ ಇಲ್ಲ. ಖಲಾಸ್, ಸಾಕ್ಷಿ ಸಮೇತ ಮಾಲೀಕನ ಕೈಗೆ ಹೋಯಿತು ಎಂದುಕೊಂಡಳು.

ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು. ಸಫಿಯಾ ಬಟ್ಟೆ ಒಗೆಯುವ ದೊಡ್ಡ ಟಬ್ಬನ್ನು ಎಳೆದು ತಂದಳು. ಅದರ ತುಂಬ ಚಪ್ಪಲಿ.

"ಎಂತ ರೋಸಕ್ಕ, ಬುದ್ಧಿ ಇಲ್ವಾ ನಿಮಗೆ? ಮಾಲೀಕ ಜುಮ್ಮಾ ನಮಾಜಿಗೆ ಈ ದಾರಿಯಲ್ಲೇ ಹೋಗುದಲ್ವಾ? ಈಗಷ್ಟೇ ಹೋದ."

"ಅದು... ಬರ್ತ್‌ಡೇ..."

"ಸಾಕು ಮಾರಾಯ್ರೆ, ವಾರ ವಾರ ಯಾರ ಬರ್ತ್‌ಡೇ? ನಿಮ್ಮ ಹಾಡು ರಸ್ತೆವರೆಗೆ ಕೇಳ್ತದೆ. ಮತ್ತೆ ನಾನು ಖಾಲಿ ಮಿಕ್ಸಿ ತಿರುಗಿಸುದು ಯಾಕೆ ಅಂತ ಮಾಡಿದ್ರಿ?"

ರೋಸ್‌ಮೇರಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಸಫಿಯಾಳ ಕೈ ಹಿಡಿದುಕೊಂಡಳು.

ಮುಂದಿನ ಶುಕ್ರವಾರ ಚಪ್ಪಲಿಗಳೆಲ್ಲ ಬಾಗಿಲ ಒಳಗಿದ್ದವು. ಹಾಡುಪುಸ್ತಕ ತೆರೆದು ಎಲ್ಲರೂ ಎದ್ದು ನಿಂತರು.

"ಶುರು ಮಾಡುವಾ?" ಯೂಜಿನ್ ಕೇಳಿದ.

"ತಡೀರಿ" ಎಂದಳು ರೋಸ್‌ಮೇರಿ, ಗೋಡೆಗೆ ಕಿವಿಗೊಟ್ಟು. ಆಚೆ ಮಿಕ್ಸಿ ಗುರ್ರೆಂದಿತು.

"ಹ್ಞಾಂ, ಗಂಟೆ ಹೊಡೀತು. ಹಾಡಿ."